ನೇತ್ರಾ ಬೇಡವೆಂದ ಉಡಿ

ಅಡರಕಟ್ಟಿಯ ನೇತ್ರಾಳಿಗೆ ಕನ್ಸಲ್ಟೆಂಟ್ ಆಗುವ ಹಟ. ಅದೆಂಥ ಕೆಲಸವೆಂದು ಅವಳ ತಾಯಿ ಸಾವಕ್ಕ ಕೇಳಿದಾಗ, "ದೊಡ್ಡ ದೊಡ್ಡ ಮಾಲಕರಿಗೆ ಧಂದೆ ಹೆಂಗ ಮಾಡ್ಬೇಕಂತ ಹೇಳಿಕೊಡೂದು" ಅಂದಳು.

"ಧಂದೆ ಮಾಡೇ ದೊಡ್ಡಾರಾದವ್ರಿಗೆ, ಒಂದಿನಾನೂ ಧಂದೆ ಮಾಡದ ನೀ ಹೇಳಿಕೊಡ್ತಿ?" ಸಾವಕ್ಕ ಬಾಯಿಗೆ ಸೆರಗು ಹಚ್ಚಿ ನಕ್ಕಳು. ನಕ್ಕಷ್ಟೂ ಮಗಳ ಹಟ ಹೆಚ್ಚಿತು.

ಹುಬ್ಬಳ್ಳಿಯಲ್ಲಿ ಎಂಬಿಎ ಓದುತ್ತಲೇ ಸಂದರ್ಶನದ ತಯಾರಿ ನಡೆಸಿದಳು. ಅಂಗಡಿಯ ಲಾಭ ಇಳಿದರೆ ಕಾರಣ ಹುಡುಕುವುದು ಹೇಗೆ, ಒಂದು ಪೇಟೆಯಲ್ಲಿ ದಿನಕ್ಕೆ ಎಷ್ಟು ಕಪ್ ಚಹಾ ಖರ್ಚಾದೀತೆಂದು ಕೂತಲ್ಲೇ ಅಂದಾಜು ಹಾಕುವುದು ಹೇಗೆ, ಇಂಥವನ್ನೇ ಕನ್ನಡಿಯ ಮುಂದೆ ನಿಂತು ಒಪ್ಪಿಸುವಳು. ರಜೆಗೆ ಬಂದಾಗ ಲಕ್ಷ್ಮೇಶ್ವರ ಬಸ್‌ಸ್ಟ್ಯಾಂಡಿನ ಚಹಾದ ಲೆಕ್ಕವನ್ನು ಅಣ್ಣ ನಂದೀಶನ ಮುಂದೆ ಬಿಡಿಸತೊಡಗಿದರೆ, "ಯಾಕ ತಲಿ ಕೆಡಿಸ್ಕೊಂತಿ ತಂಗಿ, ಚಹಾ ಮಾಡೋ ಲಾಡಸಾಬನ್ನ ಕೇಳಿದ್ರ ಹೇಳ್ತಾನಲ್ಲ" ಎಂದ. ಇಂಥ ಮನೆಯಲ್ಲಿ ತಯಾರಿ ನಡೆಸುವುದು ಸುಲಭವಲ್ಲ.

ಅಂತೂ ಹುಬ್ಬಳ್ಳಿಯ ಒಂದು ಕಂಪನಿ ಬೇಸಿಗೆಯ ಇಂಟರ್ನ್‌ಶಿಪ್ಪಿಗೆ ತೆಗೆದುಕೊಂಡಿತು. ಅವಳ ಕೆಲಸ ಅವರ ಮನಸ್ಸಿಗೆ ಬಂದರೆ ಅಲ್ಲೇ ಕಾಯಂ ನೌಕರಿ. ಅವಳ ಮೇಲಧಿಕಾರಿ ಹೇಮಂತ ಮೊದಲ ದಿನವೇ ತಾಕೀತು ಮಾಡಿದ: "ಗ್ರಾಹಕರಿಂದ ಏನೂ ತಗೋಬಾರ್ದು. ಒಂದು ಪೆನ್ನು ಸಹ." ನೇತ್ರಾ ಅದನ್ನು ಮಂತ್ರದಂತೆ ಬಾಯಿಪಾಠ ಮಾಡಿದಳು.

ಅವಳಿಗೆ ಸಿಕ್ಕ ಕೆಲಸ ಗದಗಿನ ವಿರೂಪಾಕ್ಷಪ್ಪನವರ ಜವಳಿ ಅಂಗಡಿ. ಮುಂಡರಗಿ, ಶಿರಹಟ್ಟಿ ಕಡೆಯಿಂದ ಮದುವೆಯ ಬಟ್ಟೆಗೆಂದು ಟೆಂಪೊ ತುಂಬಿಕೊಂಡು ಬರುವ ಬೀಗರು ಗಾದಿಯ ಮೇಲೆ ಇಡೀ ದಿನ ಕೂರುತ್ತಾರೆ, ಸೀರೆಗೊಮ್ಮೆ ಜಗಳಾಡುತ್ತಾರೆ, ಅಂಗಡಿಯದೇ ಊಟ ಉಣ್ಣುತ್ತಾರೆ. ಇದರಲ್ಲಿ ವ್ಯರ್ಥ ಎಷ್ಟು, ವ್ಯಾಪಾರ ಎಷ್ಟು ಎಂದು ನೇತ್ರಾ ತಿಳಿದು ಬರೆಯಬೇಕು. ಆದರೆ ಅಂಗಡಿಯ ಹಳೆಯ ಆಳುಗಳು ಅವಳೆದುರು ಬಾಯಿ ಬಿಟ್ಟರೆ ಕೇಳಿ. ತಮ್ಮ ನೌಕರಿಗೇ ಸಂಚಕಾರ ತರಲು ಬಂದವಳೆಂದು ಅವರ ಗುಮಾನಿ.

ಅವರ ಬಾಯಿ ಬಿಡಿಸಿದವಳು ಮಾಲಕರ ಹೆಂಡತಿ ರೇಣುಕವ್ವ. ಅಂಗಡಿಯ ಮೇಲೆಯೇ ಅವರ ಮನೆ. ಒಂದು ಮಧ್ಯಾಹ್ನ ಇಳಿದು ಬಂದವಳು, "ಯಾವೂರವ್ವ ನಿಂದು?" ಎಂದಳು. ಅಡರಕಟ್ಟಿ ಎಂದದ್ದೇ ತಡ, "ಅಯ್ಯ ಶಿವನ, ನನ್ನ ತವರೂರಾಕಿ!" ಎಂದು ನೇತ್ರಾಳ ಗದ್ದ ಹಿಡಿದಳು. ಆಳುಗಳನ್ನು ಕರೆದು, "ಈಕಿ ನಮ್ಮ ಮನಿಮಗಳು. ಕೇಳಿದ್ದು ಹೇಳ್ರಿ" ಅಂದಳು. ಅಂದಿನಿಂದ ನೇತ್ರಾಳಿಗೆ ಎಲ್ಲರೂ ಎಲ್ಲವನ್ನೂ ಹೇಳಿದರು. ಮಧ್ಯಾಹ್ನದ ಊಟವೂ ದಿನಾ ರೇಣುಕವ್ವನ ಮನೆಯಲ್ಲೇ ಆಯಿತು. ಆ ಅನ್ನದ ಋಣ, ಮಾತಿನ ಋಣ ಎರಡೂ ಸೇರಿಯೇ ಅವಳ ವರದಿ ಚೆಂದವಾಯಿತು.

ಕಡೆಯ ದಿನ ಹೇಮಂತ ಅಂಗಡಿಗೆ ಬಂದು ವರದಿ ಓದಿ ಹೇಳಿದ. ಖುಷಿಯಾದ ವಿರೂಪಾಕ್ಷಪ್ಪ ಅವನಿಗೆ ರುಮಾಲು ಸುತ್ತಿ ಶಾಲು ಹೊದಿಸಿದರು. ಅವನು ತಲೆಬಾಗಿ ಹೊದ್ದುಕೊಂಡ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಆಮೇಲೆ ರೇಣುಕವ್ವ ನೇತ್ರಾಳ ಮಡಿಲಿಗೆ ಉಡಿ ತುಂಬಲು ತಾಟು ಹಿಡಿದು ಬಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಕುಬಸದ ಖಣ. ತವರೂರಿನ ಹೆಣ್ಣುಮಗಳನ್ನು ಬರಿ ಉಡಿಯಲ್ಲಿ ಕಳಿಸುವುದುಂಟೇ? ನೇತ್ರಾ ಕೋಟು ತೊಟ್ಟಿದ್ದಳು, ಒಡ್ಡಲು ಸೆರಗಿಲ್ಲ. ರೇಣುಕವ್ವ ಅಂಗಡಿಯದೇ ಹೊಸ ವೇಲೊಂದನ್ನು ಅವಳ ಹೆಗಲಿಗೆ ಹಾಕಿ, "ಒಡ್ಡವ್ವ" ಎಂದಳು. ನೇತ್ರಾ ಹೇಮಂತನ ಮುಖ ನೋಡಿದಳು. ಅವನು ಮೊಬೈಲು ನೋಡುತ್ತಿದ್ದ. ಇದು ತನ್ನನ್ನು ಪರೀಕ್ಷಿಸುವ ಹೊತ್ತೆಂದೇ ಅವಳು ತಿಳಿದಳು.

"ಬ್ಯಾಡ್ರಿ. ಗ್ರಾಹಕರಿಂದ ಏನೂ ತಗೊಳ್ಳಾಂಗಿಲ್ಲರಿ ನಾವು."

ರೇಣುಕವ್ವನ ಬೊಗಸೆಯಲ್ಲಿ ಅಕ್ಕಿ ಹಾಗೇ ಇತ್ತು. ಗಾದಿಯ ಮೇಲಿನ ಬೀಗರೆಲ್ಲ ಸೀರೆ ಬಿಟ್ಟು ಇತ್ತ ತಿರುಗಿದರು. "ಉಡಿ ಒಲ್ಲೆ ಅನ್ನೂ ಹೆಣ್ಣುಮಗಳನ್ನ ಇವತ್ತ ನೋಡಿದೆ" ಎಂದು ಮೆಲ್ಲಗೆ ಹೇಳಿ, ಅಕ್ಕಿಯನ್ನು ತಾಟಿಗೆ ಸುರಿದು ಅವಳು ಮೇಲೆ ಹೋದಳು. ನೇತ್ರಾಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ನೌಕರಿ ಬರಲಿಲ್ಲ. ಗ್ರಾಹಕರ ಮನಸ್ಸು ಗೆಲ್ಲುವ ಗುಣ ಸಾಲದು ಎಂದು ಕಂಪನಿ ತಿಳಿಸಿತು. ಅವಳು ಹೇಮಂತನಿಗೆ ಫೋನು ಮಾಡಿದಳು.

"ನಿಯಮ ನೀವೇ ಹೇಳಿದ್ರಿ ಸರ್. ನೀವು ಶಾಲು ತಗೊಂಡ್ರಿ."

"ಅದು ಸನ್ಮಾನ ನೇತ್ರಾ. ಮುಂದಿನ ಕೆಲಸಕ್ಕ ಅವರು ನಮ್ಮನ್ನ ಕರೀಲೇ ಇಲ್ಲ, ಗೊತ್ತೇನು?"

ಮನೆಯಲ್ಲಿ ಸಾವಕ್ಕ ನೌಕರಿಗಾಗಿ ಅಳಲಿಲ್ಲ. "ಅನ್ನ ಹಾಕಿದಾಕಿ ಕೈಯಾಗಿನ ಉಡಿ ಒಲ್ಲೆ ಅಂದೆಲ್ಲ! ಹೋಗಿ ತಪ್ಪಾತು ಅಂತ ಕಾಲಿಗೆ ಬೀಳು" ಎಂದು ಅತ್ತಳು. ಹೋಗುತ್ತೇನೆ ಎಂದ ನೇತ್ರಾ ನಾಚಿಕೆಯಿಂದ ದಿನ ದೂಡಿದಳು. ಅಷ್ಟರಲ್ಲಿ ಪುಣೆಯ ಇನ್ನೊಂದು ಕಂಪನಿ ಸಂದರ್ಶನಕ್ಕೆ ಕರೆಯಿತು.

"ಗ್ರಾಹಕರ ಒತ್ತಡಕ್ಕೆ ಮಣಿಯದ ಪ್ರಸಂಗ ಯಾವುದಾದರೂ ಇದೆಯೇ?" ಎಂದು ಕೇಳಿದರು. ನೇತ್ರಾ ಉಡಿಯ ಪ್ರಸಂಗ ಹೇಳಿದಳು. ಹೇಳುವಾಗ ತವರೂರಿನ ಮಾತು ಬಿಟ್ಟಳು, ಊಟದ ಮಾತು ಬಿಟ್ಟಳು, ಆಳುಗಳ ಬಾಯಿ ಬಿಡಿಸಿದವಳನ್ನೂ ಬಿಟ್ಟಳು. ಉಳಿದದ್ದು ಇಷ್ಟೇ: ಮಾಲಕರ ಕಡೆಯವರು ಎಲ್ಲರೆದುರು ಉಡುಗೊರೆ ಒಡ್ಡಿದರು, ನಾನು ನಿರಾಕರಿಸಿದೆ. ಕೂತವರು ತಲೆದೂಗಿದರು. ಅಂದೇ ನೌಕರಿ ಖಾತ್ರಿಯಾಯಿತು.

ಸಾವಕ್ಕ ಓಣಿಗೆಲ್ಲ ಪೇಢೆ ಹಂಚಿ, ಒಂದು ಪೊಟ್ಟಣ ಬೇರೆ ಕಟ್ಟಿಟ್ಟಳು. "ಇದು ರೇಣುಕವ್ವಗ. ನಾಳೆ ನಾನೂ ಬರ್ತೀನಿ, ನಡಿ."

"ಬ್ಯಾಡಬೇ, ನಾ ಬರಂಗಿಲ್ಲ."

"ಯಾಕ? ತಪ್ಪಾತು ಅಂದ್ರ ಮುಗೀತು. ದೊಡ್ಡ ಮನಸಿನಾಕಿ, ಒಪ್ಕೊಂತಾಳ."

ಆ ತಪ್ಪನ್ನೇ ಮಾರಿ ಈ ನೌಕರಿ ಕೊಂಡೆ ಎಂದು ತಾಯಿಗೆ ಹೇಳಲು ನೇತ್ರಾಳಿಗೆ ಬಾಯಿ ಬರಲಿಲ್ಲ.