ಮಾವ ಚೆಲ್ಲುತ್ತಿದ್ದ ನೀರು

ನಮ್ಮ ಸೋದರಮಾವ ಒಂದು ಕಡೆ ಕೂತದ್ದನ್ನು ನಾನು ಕಂಡವಳಲ್ಲ. ಸರ್ವೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಗುಡ್ಡ ಹತ್ತಿ ಇಳಿದ ಕಾಲು, ಕೂರು ಅಂದರೆ ಕೂತೀತೇ ಎಂದು ಅಮ್ಮ ತಮ್ಮನ ಪರ ವಹಿಸುತ್ತಿದ್ದಳು. ಮನೆಗೆ ಬಂದರೆ ಹೊಸ್ತಿಲಲ್ಲೇ ನಿಂತು ನೀರು ಕುಡಿಯುವುದು, ಲೋಟದಲ್ಲಿ ಉಳಿದದ್ದನ್ನು ಅಂಗಳಕ್ಕೆ ಚೆಲ್ಲುವುದು, ಅದು ಹರಿದು ಹೋಗುವ ದಿಕ್ಕನ್ನೇ ನೋಡುವುದು, ಹೊರಟುಬಿಡುವುದು. ನಾವು ಮಕ್ಕಳು ‘ಚೆಲ್ಲುವ ಮಾವ’ ಎಂದು ಹೆಸರಿಟ್ಟಿದ್ದೆವು. ಎದುರಿಗೇ ಕರೆದು ಕಾಡಿಸಿದರೂ ಅವರು ನಗುತ್ತಿರಲಿಲ್ಲ.

ನಮ್ಮದು ಹನ್ನೊಂದು ಮನೆಗಳ ಊರು. ಮುಂದೆ ಒಂಟಿಯಾಗಿ ನಿಂತ ಬೋಳುಗುಡ್ಡ. ಹಿಂದೆ ಗಿಡ್ಡನೆಯ ಒಂದು ದಿಣ್ಣೆ, ಅದರಾಚೆ ಆಳದ ಕಮರಿ. ಬೋಳುಗುಡ್ಡದ ಬುಡ ಬಳಸಿ ಇಳಿದರೆ ಇಪ್ಪತ್ತು ನಿಮಿಷಕ್ಕೆ ಪೇಟೆ, ಹೈಸ್ಕೂಲು, ಆಸ್ಪತ್ರೆ. ಆದರೆ ಜಿಲ್ಲೆಯ ಗಡಿ ಬೋಳುಗುಡ್ಡದ ನೆತ್ತಿಯ ಮೇಲೆ ಹಾದುಹೋಗಿದ್ದರಿಂದ, ಕಾಗದದಲ್ಲಿ ನಾವು ಕಮರಿಯಾಚೆಯ ಜಿಲ್ಲೆಯವರು. ಒಂದು ಸಹಿ ಬೇಕಾದರೂ ಕಮರಿಗಿಳಿದು, ಮತ್ತೆ ಹತ್ತಿ, ಮೂರು ಗಂಟೆ ನಡೆಯಬೇಕು. ಊರಿನ ಶಾಲೆ ಏಳನೆಯವರೆಗೆ ಮಾತ್ರ. ನಾನು ಏಳು ಮುಗಿಸಿದ ವರ್ಷವೇ ಜಿಲ್ಲೆ ಒಡೆದು ಆ ಗಡಿ ಬಂತು. ಆಚೆ ಜಿಲ್ಲೆಯ ಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ ಎಂದರು ಪೇಟೆಯ ಹೈಸ್ಕೂಲಿನವರು. ಹೆಣ್ಣುಮಗಳನ್ನು ದಿನಾ ಕಮರಿಗಿಳಿಸಲು ಅಪ್ಪ ಒಪ್ಪಲಿಲ್ಲ. ಅಲ್ಲಿಗೆ ನನ್ನ ಓದಿಗೆ ಎಳ್ಳುನೀರು. ಊರಲ್ಲೇ ಮದುವೆಯಾಯಿತು. ಈ ವರ್ಷ ನನ್ನ ಮಗಳು ಏಳು ಮುಗಿಸಿದಳು.

ಅದೇ ಹೊತ್ತಿಗೆ ಗಡಿಯ ಮರುಅಳತೆ ಶುರುವಾಯಿತು. ಯಂತ್ರ ಹೊತ್ತು ಬಂದ ಸರ್ವೆ ಅಧಿಕಾರಿಯ ಮುಂದೆ ಊರಿಗೆ ಊರೇ ಗೋಳು ತೋಡಿಕೊಂಡಿತು. ಆಯಮ್ಮ ತಾಳ್ಮೆಯಿಂದಲೇ ಕೇಳಿದರು.

“ದೂರ ಆಗುತ್ತೆ ಅನ್ನೋದು ಕಾರಣ ಅಲ್ಲ. ಅಳತೆಯಲ್ಲಿ ತಪ್ಪಿದ್ರೆ ಬರೆದು, ಶುಕ್ರವಾರದೊಳಗೆ ನಿಮ್ಮ ಜಿಲ್ಲೆಯ ಕಚೇರಿಗೆ ಕೊಡಿ. ಇಲ್ದಿದ್ರೆ ಗುಡ್ಡದ ಮೇಲಿನ ಹಳೇ ಗಡಿಕಲ್ಲೇ ಖಾಯಂ.”

ಅಳತೆಯ ತಪ್ಪು ನಮಗೇನು ಗೊತ್ತು? ನನಗೆ ನಿದ್ದೆ ಹತ್ತಲಿಲ್ಲ. ಮಗಳು ಹೈಸ್ಕೂಲಿನ ಚೀಲಕ್ಕೆ ಆಗಲೇ ಹೊಸ ಪಟ್ಟಿ ಹೊಲಿದುಕೊಂಡಿದ್ದಳು.

ಗುರುವಾರ ಬೆಳಿಗ್ಗೆ ಮಾವ ಬಂದರು. ನಿವೃತ್ತಿಯಾಗಿ ಮೂರು ತಿಂಗಳಾಗಿತ್ತು. ನೀರು ಕೊಟ್ಟರೆ ಕುಡಿಯಲಿಲ್ಲ. “ಒಂದು ಕೊಡ ನೀರು ತಗೊಂಡು ನನ್ ಜೊತೆ ಬಾ,” ಎಂದವರೇ ಹಿತ್ತಿಲ ದಾರಿ ಹಿಡಿದರು. ಅರವತ್ತರ ಮುದುಕನ ಹಿಂದೆ ಕೊಡ ಹೊತ್ತು ಓಡಿ ನನಗೆ ಏದುಸಿರು ಬಂತು.

ದಿಣ್ಣೆಯ ಮೇಲೆ ಕೊಡ ಇಸಿದುಕೊಂಡು ಸುರಿದರು. ನೀರು ಎರಡಾಯಿತು. ಅರ್ಧ ಕಮರಿಗೆ, ಅರ್ಧ ನಮ್ಮ ಹಿತ್ತಿಲಿಗೆ. ಹಿತ್ತಿಲ ನೀರು ಪೇಟೆಯ ಹಳ್ಳ ಸೇರುವುದು ಊರಿನ ಕೋಳಿಗೂ ಗೊತ್ತು.

“ನೀರು ಎಲ್ಲಿ ಎರಡಾಗುತ್ತೋ ಅದೇ ಗಡಿ. ನಿಯಮ ಅದು. ಅನುಮಾನ ಬಂದ ಕಡೆ ಹೀಗೆ ಸುರಿದು ನೋಡ್ಬೇಕು.”

“ಮತ್ತೆ ಬೋಳುಗುಡ್ಡದ ಮೇಲೆ ಯಾಕೆ ಕಲ್ಲು ನೆಟ್ರು? ಆ ತಂಡದಲ್ಲಿ ನೀವೂ ಇದ್ರಲ್ಲ?”

“ಗೆರೆ ಎಳೆದವನೇ ನಾನು.”

ಆ ದಿನ ಮಂಜು ಕವಿದಿತ್ತಂತೆ. ಈ ದಿಣ್ಣೆ ಅದರಲ್ಲಿ ಮುಳುಗಿ, ಮೇಲೆ ಕಂಡದ್ದು ದೊಡ್ಡ ಗುಡ್ಡಗಳ ನೆತ್ತಿ ಮಾತ್ರ. ಎತ್ತರವಿದ್ದದ್ದೇ ಗಡಿ ಎಂದು ನೆತ್ತಿಯಿಂದ ನೆತ್ತಿಗೆ ಗೆರೆ ಎಳೆದರು. ಅಕ್ಕನ ಊರು ಆಚೆಗೆ ಬೀಳುವುದು ಗೊತ್ತಾಗಿಯೂ ಇನ್ನೊಮ್ಮೆ ನೋಡಲಿಲ್ಲ. ಸ್ವಂತದವರಿಗೆ ಅನುಕೂಲ ಮಾಡಿಕೊಂಡ ಎಂದು ಯಾರೂ ಆಡಿಕೊಳ್ಳಬಾರದಿತ್ತಲ್ಲ. ಎರಡು ವರ್ಷದ ಮೇಲೆ ನಮ್ಮ ಅಂಗಳದಲ್ಲಿ ಕಾಲು ತೊಳೆಯುವಾಗ, ನೀರು ಪೇಟೆಯ ಕಡೆ ಓಡಿದ್ದನ್ನು ಕಂಡರು.

“ಆಗ್ಲೇ ಯಾಕೆ ಹೇಳ್ಲಿಲ್ಲ?”

“ಕೆಲಸ ಹೋಗ್ತಿತ್ತು ಕಣೇ.”

“ಆಗ ನಂಗೆ ಹದಿನಾಲ್ಕು, ಮಾವ. ಇನ್ನೂ ಸೇರ್ಬಹುದಿತ್ತು.”

ಮಾವ ಅತ್ತಿಂದಿತ್ತ ಅಡ್ಡಾಡಿದರು. ಖಾಲಿ ಕೊಡವನ್ನು ಅವರ ಮೇಲೇ ಎಸೆಯುವಷ್ಟು ಸಿಟ್ಟು ನನಗೆ. ಇಷ್ಟು ವರ್ಷ ಈ ಮನುಷ್ಯನಿಗೆ ನಿಂತಲ್ಲೇ ನೀರು ಕೊಟ್ಟು ನಕ್ಕಿದ್ದೆನಲ್ಲ ಎಂದು ಮೈ ಉರಿಯಿತು. ಅಮ್ಮನಿಗೆ ಏನೆಂದು ಹೇಳಲಿ?

ಅವರು ಜೇಬಿನಿಂದ ಮಡಚಿದ ಕಾಗದ ತೆಗೆದರು. ತಪ್ಪು ನನ್ನದೇ ಎಂದು ಬರೆದು ಸಹಿ ಹಾಕಿದ್ದರು. “ಪಿಂಚಣಿ ತಡೆದ್ರೆ ತಡೀಲಿ. ಊರಿನವರೊಬ್ಬರು ಸಾಕ್ಷಿ ಹಾಕ್ಬೇಕು.” ಪೆನ್ನು ನನ್ನ ಕಡೆ ಚಾಚಿದರು.

ಕೊಡ ಬೋರಲು ಹಾಕಿ, ಅದರ ಮೇಲೆ ಕಾಗದವಿಟ್ಟು ಬರೆದೆ. ಹೆಸರು. ವಯಸ್ಸು, ನಲವತ್ತು. ಮುಂದಿನ ಸಾಲು, ಸಾಕ್ಷಿಯ ವಿದ್ಯಾಭ್ಯಾಸ. ಏಳನೇ ತರಗತಿ ಎಂದು ಬರೆದೆ. ಅವರಿಗೆ ಕಾಣಲಿ ಎಂದು ದೊಡ್ಡದಾಗಿಯೇ ಬರೆದೆ.

ಮಾವ ಅದನ್ನು ಓದಿದರು. ಆಮೇಲೆ ನೀರು ಸುರಿದ ಆ ಕೆಸರಿನಲ್ಲೇ ಕೂತುಬಿಟ್ಟರು.

ನಾನು ಸ್ವಲ್ಪ ಹೊತ್ತು ಅವರನ್ನು ಹಾಗೇ ಬಿಟ್ಟೆ. ಬಿಸಿಲು ಏರುತ್ತಿತ್ತು. ಕೊನೆಗೆ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೈ ಚಾಚಿದೆ.

“ಏಳಿ ಮಾವ. ಕಚೇರಿ ಕಮರಿಯಾಚೆ ಇದೆ. ಮೂರು ಗಂಟೆ ನಡೀಬೇಕು.”