ದೀಪ ಹಾಕಿಕೊಂಡು ಆಡುವ ಭಾವ

ಉತ್ತರನ ಪೌರುಷ ಒಲೆಯ ಮುಂದೆ, ಭಾವನ ಪೌರುಷ ಟಿವಿಯ ಮುಂದೆ ಎಂಬುದು ನಾದಿನಿಯ ತೀರ್ಮಾನ. ದೆವ್ವದ ವಿಡಿಯೋ ಗೇಮಿನ ಕತ್ತಲ ಓಣಿಗೆ ಅವಳು ಬೆಚ್ಚಿದರೆ, "ಬಲ್ಬ್ ಹೋಗಿದೆ, ಅಷ್ಟೇ" ಎನ್ನುತ್ತಾನೆ. ರಕ್ತ ಕಂಡು ಅಕ್ಕ ಕಿರುಚಿದರೆ, "ಟೊಮೆಟೊ ಸಾಸ್ ಕಣೇ" ಎನ್ನುತ್ತಾನೆ. ತಾನು ಆಡುವಾಗ ಮಾತ್ರ ಮನೆಯ ದೀಪಗಳೆಲ್ಲ ಉರಿಯಬೇಕು, ಸದ್ದು ಪೂರ್ತಿ ಬಂದ್ ಆಗಬೇಕು, ದೆವ್ವ ಬರುವ ಹೊತ್ತಿಗೆ ಸರಿಯಾಗಿ ಅವನಿಗೆ ಬಾಯಾರಿಕೆಯಾಗಬೇಕು. ಒಂದು ಮಧ್ಯಾಹ್ನ ಅವನು ಆಡುತ್ತಿದ್ದಾಗ ನಾದಿನಿ ಬೇಕೆಂದೇ ಸದ್ದು ಏರಿಸಿದಳು. ಪರದೆಯಲ್ಲಿ ದೆವ್ವವಿರಲಿಲ್ಲ, ಮುಚ್ಚಿದ ಬಾಗಿಲಿನಾಚೆ ಯಾರೋ ಕಷ್ಟಪಟ್ಟು ಉಸಿರೆಳೆಯುತ್ತಿದ್ದರು. ಭಾವನ ಕೈ ಗುಂಡಿಗಳ ಮೇಲೆ ನಿಂತುಬಿಟ್ಟಿತು. "ನಮ್ಮಪ್ಪ ಆಸ್ಪತ್ರೆಲಿ ಹೀಗೇ ಉಸಿರಾಡ್ತಿದ್ರು. ಅದು ನಿಂತಾಗ ಪಕ್ಕದಲ್ಲಿ ನಾನೊಬ್ಬನೇ ಇದ್ದೆ" ಎಂದ. ನಾದಿನಿ ಅವನ ಪಕ್ಕದಲ್ಲಿ ಕುಳಿತಳು.