ಹನ್ನೊಂದು ಕೊಡ ನೀರಿಗೊಂದು ಫಿಲ್ಟರ್

ನಮ್ಮ ಯಾದಗಿರಿಯ ಮನೆಯಲ್ಲಿ ನೀರನ್ನು ಯಾರೂ ಲೀಟರಿನಲ್ಲಿ ಅಳೆಯುವುದಿಲ್ಲ. ನಲ್ಲಿ ಬಂದ ದಿನ ಓಣಿಯ ಬಾಯಲ್ಲೆಲ್ಲ ಒಂದೇ ಲೆಕ್ಕ: ಬಚ್ಚಲಿಗೆ ಹತ್ತು ಕೊಡ, ಅಡುಗೆಗೆ ನಾಲ್ಕು ಕೊಡ, ಗಿಡಕ್ಕೆ ಉಳಿದದ್ದು. ಲೀಟರ್ ಎಂಬುದು ಹಾಲಿಗೂ ಪೆಟ್ರೋಲಿಗೂ ಸಂಬಂಧಿಸಿದ ಮಾತು. ಹೀಗಾಗಿ ನಮ್ಮ ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ಎಷ್ಟು ನೀರಿದೆಯೆಂದು ನೀವೇನಾದರೂ ಕೇಳಿದರೆ ನನ್ನ ಹೆಂಡತಿ ಮಹಾದೇವಿ ‘ಹನ್ನೊಂದು ಕೊಡ’ ಎನ್ನುತ್ತಾಳೆ, ನಾನು ‘ಇನ್ನೂರು ಲೀಟರ್’ ಎನ್ನುತ್ತೇನೆ. ನಮ್ಮಿಬ್ಬರ ನಡುವೆ ಎರಡು ಗೋಲ್ಡ್ ಫಿಶ್‌ಗಳು, ಈ ತಕರಾರಿಗೂ ತಮಗೂ ಏನೂ ಸಂಬಂಧವಿಲ್ಲವೆಂಬಂತೆ, ಬಾಯಿ ತೆರೆಯುತ್ತ ಮುಚ್ಚುತ್ತ ತೇಲುತ್ತಿರುತ್ತವೆ.

ಮೀನುಗಳು ಅವಳವು. ಸುರಪುರದ ಶಾಲೆಯಿಂದ ಅವಳಿಗೆ ಇಲ್ಲಿಗೆ ವರ್ಗವಾದಾಗ ಏಳನೆಯ ತರಗತಿಯ ಮಕ್ಕಳು ಶಾಲು, ಹಾರ ಎಲ್ಲ ಬಿಟ್ಟು, ಬೆರಳುದ್ದದ ಎರಡು ಮೀನುಗಳನ್ನು ಗಾಜಿನ ಭರಣಿಯಲ್ಲಿ ಹಾಕಿ ಕೈಗಿತ್ತಿದ್ದರು. ಬಸ್ಸಿನ ದಾರಿಯುದ್ದಕ್ಕೂ ಭರಣಿ ಅವಳ ಮಡಿಲಲ್ಲಿತ್ತು. ಇಡೀ ಬಂಗಾರದ ಬಣ್ಣದ್ದು ಬಂಗಾರಿ, ನೆತ್ತಿಯ ಮೇಲೆ ಕೆಂಪು ಚುಕ್ಕೆಯಿರುವುದು ಕುಂಕುಮ. ಈಗ ಎರಡೂ ಅಂಗೈಯಗಲ ಬೆಳೆದಿವೆ. ಬೆಳೆದಷ್ಟೂ ತಿನ್ನುತ್ತವೆ, ತಿಂದಷ್ಟೂ ಹೊಲಸು ಮಾಡುತ್ತವೆ. ತೊಟ್ಟಿಯ ಮೂಲೆಯಲ್ಲಿ ಗುಳುಗುಳು ಎನ್ನುವ ಪುಟ್ಟ ಸ್ಪಂಜಿನ ಫಿಲ್ಟರ್ ಅವುಗಳ ಸಂಸಾರಕ್ಕೆ ಸಾಲದೆ ಎರಡೇ ದಿನದಲ್ಲಿ ನೀರು ನೀರುಮಜ್ಜಿಗೆಯಂತಾಗುತ್ತಿತ್ತು. ನೀರು ಬದಲಿಸಿ ಬದಲಿಸಿ ಮಹಾದೇವಿಯ ಭುಜ ಹಿಡಿದುಕೊಂಡಿತು. ನೀನೇನು ಮಾಡುತ್ತಿದ್ದೆಯಪ್ಪಾ ಎಂದು ಕೇಳಬೇಡಿ. ನಾನೂ ಹೊರುತ್ತೇನೆ, ಅರ್ಧ ತೊಟ್ಟಿಗೆ, ಅರ್ಧ ಪಡಸಾಲೆಗೆ.

ಒಂದು ಬೆಳಿಗ್ಗೆ ಅವಳು ತೊಟ್ಟಿಯ ಕಡೆ ನೋಡದೆ ಹೇಳಿದಳು: “ಶಾಂತಕ್ಕಗ ಫೋನ್ ಮಾಡೀನ್ರಿ. ಆಕಿ ಅಂಗಳದಾಗ ಸಿಮೆಂಟಿನ ಟಾಕಿ ಐತಲ್ಲ. ಈ ಆಯ್ತಾರ ಬಿಟ್ಟು ಮುಂದಿನ ಆಯ್ತಾರ ಬಂದು ಮೀನು ಒಯ್ತಾಳ.”

ಶಾಂತಕ್ಕ ನಾವು ಈ ಊರಿಗೆ ಬಂದ ಹೊಸತರಲ್ಲಿ ಪಕ್ಕದ ಮನೆಯಲ್ಲಿದ್ದವಳು, ಈಗ ಸೈದಾಪುರದಲ್ಲಿದ್ದಾಳೆ. ಒಳ್ಳೆಯ ಹೆಣ್ಣುಮಗಳು, ಮೀನುಗಳಿಗೆ ಅಲ್ಲಿ ಯಾವ ಕೊರತೆಯೂ ಇರಲಾರದು. ಆದರೆ ಅಂದಿನಿಂದ ಮಹಾದೇವಿ ಮೀನುಗಳನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟಳು. ಆಯ್ತಾರಕ್ಕೆ ಇನ್ನೂ ಒಂಬತ್ತು ದಿನವಿತ್ತು. ಅಷ್ಟರೊಳಗೆ ನೀರು ತಿಳಿಯಾಗಬೇಕು, ಇಲ್ಲವೇ ಮೀನು ಹೋಗಬೇಕು. ನಾನು ಓದಲು ಕುಳಿತೆ. ಕಲಬುರಗಿಯಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮಾಡಿದವನು ಯಾವುದೇ ಆಪತ್ತಿನಲ್ಲಿ ಮೊದಲು ಮಾಡುವ ಕೆಲಸ ಅದೇ.

ಓದಿ ತಿಳಿದದ್ದು ಇಷ್ಟು. ಕ್ಯಾನಿಸ್ಟರ್ ಫಿಲ್ಟರ್ ಎಂಬ ಮುಚ್ಚಳದ ಡಬ್ಬಿಯೊಂದಿದೆ. ಅದು ತೊಟ್ಟಿಯ ಹೊರಗೆ, ಕೆಳಗಿನ ಕಪಾಟಿನಲ್ಲಿ ಕೂರುತ್ತದೆ. ಒಂದು ಪೈಪಿನಲ್ಲಿ ನೀರು ಕೆಳಗಿಳಿದು ಬಂದು, ಡಬ್ಬಿಯೊಳಗಿನ ಸ್ಪಂಜು, ಬಿಳಿ ಹತ್ತಿಯಂಥ ಪದರ, ಪಿಂಗಾಣಿ ಉಂಗುರಗಳನ್ನೆಲ್ಲ ಹಾದು, ಇನ್ನೊಂದು ಪೈಪಿನಲ್ಲಿ ಮೇಲೆ ಹೋಗುತ್ತದೆ. ಆದರೆ ಯಾವ ಗಾತ್ರದ್ದು ಬೇಕೆಂಬುದು ತೊಟ್ಟಿಯ ನೀರಿನ ಮೇಲೆ ನಿಂತಿದೆ. ಅಲ್ಲಿಗೆ ಬಂತು ನೋಡಿ, ಹನ್ನೊಂದು ಕೊಡ ಮತ್ತು ಇನ್ನೂರು ಲೀಟರಿನ ಜಗಳ.

ನನ್ನ ಇನ್ನೂರು ಎಲ್ಲಿಂದ ಬಂತು? ತೊಟ್ಟಿ ಕೊಂಡ ದಿನ ಶಹಾಪುರದ ಅಂಗಡಿಯವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ರಟ್ಟಿನ ಮೇಲೆ ಬರೆದು ಹೇಳಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಅಂದು ಸಂಜೆ ಅಷ್ಟೂ ನೀರನ್ನು ನಾನೊಬ್ಬನೇ ಹೊತ್ತದ್ದೂ ನೆನಪಿದೆ. ತಾನೇ ಹೊತ್ತೆನೆಂದು ಮಹಾದೇವಿಗೆ ನೆನಪಿದೆ. ಕಣ್ಣಿಗೆ ಕಟ್ಟಿದಂತಿರುವುದೆಲ್ಲ ಕಣ್ಣು ಕಂಡದ್ದೇ ಆಗಿರಬೇಕಿಲ್ಲ ಎಂಬುದು ನನಗೆ ಗೊತ್ತು. ಗೊತ್ತಿದ್ದೂ ಜಗಳದಲ್ಲಿ ಅದನ್ನು ಹೇಳುವ ಮೂರ್ಖತನ ಮಾಡಲಿಲ್ಲ.

ಇಬ್ಬರೂ ಶಹಾಪುರದ ಬಸ್ಸು ಹತ್ತಿದೆವು. ಪಾರಿವಾಳ, ಗಿಳಿ, ಮೀನುಗಳೆಲ್ಲ ಒಂದೇ ಸೂರಿನಡಿ ಇರುವ ಆ ಅಂಗಡಿಯಲ್ಲಿ ಮಾಲೀಕ ಮಹಬೂಬ್ ಚಾಚಾ ಹಕ್ಕಿಗಳಿಗೆ ಕಾಳು ಹಾಕುತ್ತಿದ್ದರು. ಕಿವಿಯ ಮೇಲೆ ಪೆನ್ಸಿಲ್ ಇರಲಿಲ್ಲ. ಕ್ಯಾನಿಸ್ಟರ್ ಫಿಲ್ಟರ್ ಬೇಕೆಂದೆವು.

“ನೀರ ಎಷ್ಟ್ರಿ ಸರ?”

“ಇನ್ನೂರು ಲೀಟರ್” ಎಂದೆ.

“ಹನ್ನೊಂದು ಕೊಡ” ಎಂದಳು ಮಹಾದೇವಿ.

ಚಾಚಾ ಅವಳ ಕಡೆಗೇ ತಿರುಗಿದರು. “ಅಕ್ಕೋರು ಹೇಳಿದ್ದು ಹೊತ್ತವರ ಮಾತು ಅದ. ಸರ್ ಹೇಳಿದ್ದು ಡಬ್ಬಿ ಮ್ಯಾಲೆ ಛಾಪಿಸಿದಂಗದ. ನಿಮ್ಮ ಕೊಡ ಎಷ್ಟ ಹಿಡೀತದ, ಅಳದು ಬರ್ರಿ. ಸುಮ್ನ ಜೋರ್ ಮೋಟರ್ ಒಯ್ದು ಕುಂದರಿಸಿದ್ರ ನಿಮ್ಮ ಉದ್ದ ಬಾಲದ ಮೀನು ನೀರಾಗ ಗಾಳಿಪಟ ಆಗ್ತಾವ.”

ಹೊರಡುವಾಗ ಒಂದು ಮಾತು ಕೇಳಿದರು: “ಹಳೇ ಸ್ಪಂಜು ಯಾರು ತೊಳೀತೀರಿ?”

“ನಾನೇ” ಎಂದೆ ಹೆಮ್ಮೆಯಿಂದ. “ನಲ್ಲಿ ಕೆಳಗ ಹಿಡದು, ಹಿಂಡಿ, ಹಳದಿ ನೀರು ಹೋಗೋ ತನ.”

“ವಾರಕ್ಕೆಷ್ಟು ಸಲ?”

“ಎರಡ ಸಲ.”

ಚಾಚಾ ಹಣೆ ಹಿಡಿದುಕೊಂಡರು. “ಯಾ ಅಲ್ಲಾ! ಅಕ್ಕೋರೇ, ನಿಮ್ಮ ಮೀನಿನ ವೈರಿ ಮನ್ಯಾಗೇ ಅದಾನ್ರಿ!”

ಮಹಾದೇವಿ ಬಿದ್ದು ಬಿದ್ದು ನಕ್ಕಳು. ಆ ವಾರದಲ್ಲಿ ಅವಳ ಮೊದಲ ನಗು. ಚಾಚಾ ಬಿಡಿಸಿ ಹೇಳಿದರು. ಮೀನಿನ ಹೊಲಸನ್ನು ಕರಗಿಸುವುದು ಸ್ಪಂಜಿನೊಳಗೆ ಮನೆ ಮಾಡಿದ ಕಣ್ಣಿಗೆ ಕಾಣದ ಜೀವಾಣುಗಳು. ನಲ್ಲಿಯ ನೀರಿನಲ್ಲಿ ಬ್ಲೀಚಿಂಗ್ ಪುಡಿ ಇರುತ್ತದೆ. ಅದರಲ್ಲಿ ತೊಳೆದಾಗಲೆಲ್ಲ ಅವು ಸಾಯುತ್ತವೆ. ತೊಳೆಯುವುದಿದ್ದರೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಒಮ್ಮೆ ಅದ್ದಿ ಹಿಂಡಬೇಕು, ಸ್ವಲ್ಪ ಕೊಳೆ ಉಳಿಯಬೇಕು.

ಮರಳುವ ಬಸ್ಸಿನಲ್ಲಿ, ಶಹಾಪುರದ ಬಂಡೆಗುಡ್ಡಗಳು ಹಿಂದೆ ಸರಿಯುತ್ತಿರುವಾಗ, ನನಗೆ ನನ್ನ ತಲೆಯದೇ ಯೋಚನೆ. ನೆನಪುಗಳನ್ನೂ ನಾನು ಹೀಗೆಯೇ ತೊಳೆದಿರಬೇಕಲ್ಲವೇ? ಹೇಳುವಾಗೊಮ್ಮೆ ಹಿಂಡಿ, ನನಗೆ ಒಪ್ಪದ ಬಣ್ಣವೆಲ್ಲ ಹೋಗುವವರೆಗೆ ಜಾಲಾಡಿಸಿ, ಕೊನೆಗೆ ಬೆಳ್ಳಗಿನ, ಚಂದದ, ಜೀವವೇ ಇಲ್ಲದ ಒಂದು ವಸ್ತುವನ್ನು ಎದೆಯೊಳಗೆ ಮರಳಿ ಇಟ್ಟುಕೊಂಡಿದ್ದೇನೆ. ಎಲ್ಲವನ್ನೂ ಸಂಶಯಿಸಲು ಕಲಿತವನು ನನ್ನ ಶುಚಿತ್ವವನ್ನು ಮಾತ್ರ ಎಂದೂ ಸಂಶಯಿಸಿರಲಿಲ್ಲ. ಬೇಸರವಾಗಬೇಕಿತ್ತು, ಪಕ್ಕದಲ್ಲಿ ಮಹಾದೇವಿ ‘ಮನ್ಯಾಗೇ ಅದಾನ’ ಎಂದುಕೊಂಡು ಮತ್ತೆ ಮತ್ತೆ ನಗುತ್ತಿದ್ದಳಾದ್ದರಿಂದ ಅದೂ ಆಗಲಿಲ್ಲ.

ಮನೆಗೆ ಬಂದು ಒಂದು ಲೀಟರಿನ ಬಾಟಲಿಯಿಂದ ಕೊಡ ತುಂಬಿಸಿದೆವು. ಹೊರುವಷ್ಟು ಮಟ್ಟಕ್ಕೆ ಹತ್ತೂವರೆ ಬಾಟಲಿ ಹಿಡಿಯಿತು. ಟೇಪು ಹಿಡಿದು ತೊಟ್ಟಿಯ ಉದ್ದ, ಅಗಲ, ಎತ್ತರ ಗುಣಿಸಿದರೆ ನೂರೈವತ್ತು ಲೀಟರ್ ಬಂತು. ನನ್ನ ಇನ್ನೂರು ಅಲ್ಲಿಗೇ ಮುಳುಗಿತು. ಮರುದಿನ ಅರ್ಧ ತೊಟ್ಟಿ ಖಾಲಿ ಮಾಡುತ್ತ ಎಣಿಸಿದೆವು. ಸರಿಯಾಗಿ ಐದೂವರೆ ಕೊಡ. ಪೂರ್ತಿ ಹನ್ನೊಂದು ಕೊಡವೆಂದರೆ ನೂರಾ ಹದಿನೈದು ಲೀಟರಿನ ಆಸುಪಾಸು. ಉಳಿದದ್ದೆಲ್ಲಿ ಹೋಯಿತೆಂದರೆ, ತೊಟ್ಟಿಯ ತುಂಬ ಗುಡ್ಡದ ಬುಡದಿಂದ ಆರಿಸಿ ತಂದ ಕಲ್ಲುಗಳಿದ್ದವು, ಕೆಳಗೆ ಮರಳಿತ್ತು, ಮೇಲೆ ಮೂರು ಬೆರಳು ಖಾಲಿ ಇತ್ತು. ಗಾಜಿನ ಪೆಟ್ಟಿಗೆಯನ್ನು ನಾನು ಅಳೆದಿದ್ದೆ, ನೀರನ್ನು ಕೊಡ ಅಳೆದಿತ್ತು.

ಮತ್ತೆ ಶಹಾಪುರ. ಚಾಚಾ ಎರಡು ಡಬ್ಬಿ ಮುಂದಿಟ್ಟರು. ಒಂದರ ಮೇಲೆ ಗಂಟೆಗೆ ಇಷ್ಟು ನೀರು ಎಂಬ ಅಂಕಿ ದೊಡ್ಡದಾಗಿತ್ತು, ಒಡಲು ಸಣ್ಣದು. ಇನ್ನೊಂದರ ಅಂಕಿ ಕಡಿಮೆ, ಆದರೆ ಒಳಗೆ ಮೂರು ಬುಟ್ಟಿ ಉಂಗುರ ಹಿಡಿಯುವಷ್ಟು ಜಾಗ. “ಓಡೋದು ನೋಡಬ್ಯಾಡ್ರಿ, ಹೊಟ್ಟಿ ನೋಡ್ರಿ” ಎಂದರು. ಮಹಾದೇವಿ ಹೊಟ್ಟೆಯ ಡಬ್ಬಿಯನ್ನು ಎತ್ತಿ, ಮುಚ್ಚಳದ ಕೊಂಡಿ ತೆಗೆದು ಹಾಕಿ, ತನ್ನ ಭುಜಕ್ಕೆ ಭಾರವಾಗದೆಂದು ಖಾತ್ರಿ ಮಾಡಿಕೊಂಡು ಒಪ್ಪಿದಳು. ನಾನು ಯಾವ ಅಭಿಪ್ರಾಯವನ್ನೂ ಕೊಡಲಿಲ್ಲ. ಮದುವೆಯಾದ ಮೇಲೆ ಅಂಥ ದಿನಗಳು ಕಡಿಮೆ.

ಹೊಸ ಡಬ್ಬಿಯೊಳಗೆ ಹಳೆಯ ಸ್ಪಂಜನ್ನೂ ಇಟ್ಟೆವು, ಈ ಸಲ ತೊಳೆಯದೆ. ಬರುವ ನೀರು ರಭಸದಿಂದ ಮೀನಿಗೆ ಬಡಿಯದಂತೆ ಪೈಪಿನ ಮುಖವನ್ನು ಗಾಜಿನ ಕಡೆ ತಿರುಗಿಸಿದೆವು. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ತೊಟ್ಟಿಯ ಹಿಂದಿನ ಗೋಡೆ ಮಸುಕಾಗಿ ಕಂಡಿತು. ಶನಿವಾರ ಬೆಳಿಗ್ಗೆ ಆ ಗೋಡೆಯ ಸುಣ್ಣದ ಬಿರುಕು ಕೂಡ ಸ್ಪಷ್ಟವಾಗಿ ಕಂಡಿತು. ಆದರೂ ಬರಬೇಡವೆಂದು ಮಹಾದೇವಿ ಶಾಂತಕ್ಕನಿಗೆ ಫೋನ್ ಮಾಡಲಿಲ್ಲ. ಕೊಟ್ಟ ಮಾತನ್ನು ಹಿಂದೆ ಪಡೆಯುವುದು ಅವಳಿಗೆ ಬಾರದು.

ಆಯ್ತಾರ ಶಾಂತಕ್ಕ ಮುಚ್ಚಳದ ಬಕೀಟು ಹಿಡಿದು ಬಂದೇಬಿಟ್ಟಳು. ಚಹಾ ಕುಡಿಯುತ್ತ ತೊಟ್ಟಿ ನೋಡಿದಳು, ಗೆಳತಿಯ ಮುಖ ನೋಡಿದಳು.

“ಏನಽ ಮಾದೇವಿ, ನೀರು ಕನ್ನಡಿ ಆಗ್ಯಾದ. ಮೀನು ಕೊಡೋ ಮನಿ ಹಿಂಗಿರ್ತದೇನ?”

“ಮಾತು ಕೊಟ್ಟೀನಲ್ಲಕ್ಕ” ಎಂದಳು ಮಹಾದೇವಿ. ಕಣ್ಣು ಮಾತ್ರ ತೊಟ್ಟಿಯ ಮೇಲೇ ಇತ್ತು. ಮಾತು ಬೇರೆಡೆ ಹೊರಳಲೆಂದು ನಾನು, ಈ ಹನ್ನೊಂದು ಕೊಡ ನೀರನ್ನು ಮೊದಲ ದಿನ ಹೊತ್ತವರು ಯಾರೆಂಬ ನಮ್ಮ ಹಳೆಯ ಜಗಳವನ್ನು ಶಾಂತಕ್ಕನ ಮುಂದಿಟ್ಟೆ.

ಶಾಂತಕ್ಕ ಚಹಾದ ಬಸಿ ಕೆಳಗಿಟ್ಟಳು. “ನೀವಿಬ್ಬರೂ ಹೊತ್ರಿ? ಭೇಷ್! ನೀವು ಗಂಡ ಹೆಂಡ್ತಿ ಕಲ್ಲ ಹಂಗಿಡು, ಹಿಂಗಿಡು ಅಂತ ಕುಂತಲ್ಲೇ ಜಗಳ ಆಡಕತ್ತಿದ್ರಿ. ಹನ್ನೊಂದೂ ಕೊಡ ಹೊತ್ತಾಕಿ ನಾನು! ಎಣಸಿ ಹೇಳಿದಾಕೀನೂ ನಾನು!”

ಮಹಾದೇವಿಯ ಬಾಯಿ, ತೊಟ್ಟಿಯೊಳಗಿನ ಇಬ್ಬರಂತೆಯೇ, ತೆರೆದು ಮುಚ್ಚಿತು. ಶಾಂತಕ್ಕನ ನೆನಪನ್ನೂ ಸಂಶಯಿಸಬಹುದೆಂದು ನನ್ನೊಳಗಿನ ಎಂ.ಎ. ಪದವೀಧರ ಎದ್ದು ನಿಂತ; ಮೂವರೂ ಒಟ್ಟಿಗೇ ನಗತೊಡಗಿದಾಗ ಪಾಪ ಕುಳಿತುಬಿಟ್ಟ.

“ಹೊತ್ತಾಕಿ ಹೇಳ್ತೀನಿ ಕೇಳು. ಈ ನೀರು ಬಿಟ್ಟು ಇವು ಎಲ್ಲೂ ಹೋಗಂಗಿಲ್ಲ” ಎಂದು ಶಾಂತಕ್ಕ ತೀರ್ಪು ಕೊಟ್ಟಳು. “ಆದ್ರ ನಾ ಬಕೀಟು ಖಾಲಿ ಒಯ್ಯಾಕಿ ಅಲ್ಲ ಮತ್ತ!”

ಮಹಾದೇವಿ ಎದ್ದವಳೇ ಅಡುಗೆಮನೆಗೆ ಓಡಿದಳು. ಮೀನಿಗೆಂದು ತಂದ ಬಕೀಟಿನಲ್ಲಿ ಬಿಳಿಬಟ್ಟೆ ಹಾಸಿ, ಖಡಕ್ ರೊಟ್ಟಿ ಅಂಚಿನವರೆಗೆ ಜೋಡಿಸಿ, ಮೇಲೆ ನಂಜಿಕೊಳ್ಳಲು ಶೇಂಗಾ ಹಿಂಡಿಯ ಡಬ್ಬಿ ಇಟ್ಟಳು. ಮುಚ್ಚಳ ಹತ್ತಲಿಲ್ಲ. ಒತ್ತಿ ಹಿಡಿಯಲು ನನ್ನನ್ನು ಕರೆಯುವ ಮೊದಲು ಅವಳು ತೊಟ್ಟಿಯ ಹತ್ತಿರ ಬಗ್ಗಿ, ಒಂಬತ್ತು ದಿನಗಳ ಮೇಲೆ, ಮೆಲ್ಲಗೆ ಕೂಗಿದಳು: “ಬಂಗಾರೀ, ಕುಂಕುಮಾ...”